ಕರು ಕಟ್ಟಿದ ಯಜಮಾನರು

ನಮ್ಮ ದೊಡ್ಡಮಾವ ವೃಷಭೇಂದ್ರಪ್ಪನವರು ಗಂಡ ಹೆಂಡಿರ ಜಗಳ ಬಿಡಿಸುವುದರಲ್ಲಿ ನಮ್ಮೂರು ಉಡಿಗಾಲಕ್ಕಷ್ಟೇ ಅಲ್ಲ, ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ನಾನು ಅವರ ತಮ್ಮನ ಮಗ ಮಹದೇವನನ್ನು ಮದುವೆಯಾಗಿ ಈ ಮನೆಗೆ ಬಂದು ಹದಿನೇಳು ವರ್ಷವಾಯಿತು. ಚಾಮರಾಜನಗರದ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಮನೆಯವರ ದೂರು. ಅದು ಜೋರಾಗಬೇಕಾಗಿದ್ದ ಒಂದು ದಿನ ಮಾತ್ರ ಸುಮ್ಮನಿತ್ತು. ಆ ದಿನದ ಸಂಕಟ ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮಾವನಿಗೆ ಈಗ ಎಪ್ಪತ್ತಮೂರು. ಆರು ಎಕರೆಯಲ್ಲಿ ಅರಿಶಿನ, ಬಾಳೆ. ಬೆಳಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಎಳೆದುಕೊಂಡು ಜಗಲಿಗೆ ಬಂದು ಕೂತರೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು. ಬದುವಿನ ಜಗಳ, ಭಾಗದ ಜಗಳಕ್ಕೆ ಊರಲ್ಲಿ ಬೇರೆ ಯಜಮಾನರಿದ್ದರು. ಹೆಂಡತಿ ತವರಿಗೆ ಬಂದು ಕೂತಿದ್ದಾಳೆ ಎಂದರೆ ಮಾತ್ರ ಇವರೇ ಆಗಬೇಕಿತ್ತು. ಯಾರ ಮನೆಯಲ್ಲೂ ಒಂದು ಲೋಟ ಕಾಫಿಗಿಂತ ಹೆಚ್ಚಿನದೇನನ್ನೂ ಮುಟ್ಟಿದವರಲ್ಲ. ಮುರಿದುಹೋಗುತ್ತಿದ್ದ ಅರವತ್ತು ಸಂಸಾರ ಕೂಡಿಸಿದ್ದೇನೆ ಎಂದು ಹೇಳಿಕೊಳ್ಳುವಾಗ ಅವರ ಮುಖ ನೋಡಬೇಕಿತ್ತು. ಆ ಹೆಮ್ಮೆ ಸುಳ್ಳಿನದೂ ಅಲ್ಲ.

ಅವರ ಪಂಚಾಯ್ತಿಗೆ ಒಂದು ಕ್ರಮವಿತ್ತು. ಎಲ್ಲವೂ ಜಗಲಿಯ ಮೇಲೆ, ಎಲ್ಲರ ಎದುರಿಗೇ ಆಗಬೇಕು. ಮೊದಲು ಗಂಡಿನ ಅಪ್ಪ, ಆಮೇಲೆ ಹೆಣ್ಣಿನ ಅಪ್ಪ, ಸೋದರಮಾವಂದಿರು, ನೆಂಟರು, ಕೊನೆಗೆ ಗಂಡ. ಎಲ್ಲರ ಮಾತೂ ಮುಗಿದು ತೀರ್ಮಾನ ಆದಮೇಲೆ ಹೆಂಡತಿಯನ್ನು ಬಾಗಿಲಿಗೆ ಕರೆಯುತ್ತಿದ್ದರು. "ನೀನೇನಾರ ಯೋಳದು ಅದಾ ಮಗ?" ಎಂದು ತುಂಬ ಪ್ರೀತಿಯಿಂದಲೇ ಕೇಳುವರು. ಅವಳು ಕಾಲಿನ ಉಂಗುಟ ನೋಡುತ್ತ ಇಲ್ಲ ಎಂದು ತಲೆ ಆಡಿಸುವಳು. "ನೋಡುದ್ರಾ, ಮಗಿಗೂ ಒಪ್ಗೆ ಅದೆ" ಎಂದು ಇವರು ಎಲ್ಲರಿಗೂ ವಿಭೂತಿ ಹಂಚುವರು. ಆಗ ಒಳಗಿನಿಂದ ಕಾಫಿ ಬರಬೇಕು. ಹಾಗೆ ನಾನು ತಂದುಕೊಟ್ಟ ಕಾಫಿಗೆ ಲೆಕ್ಕವಿಲ್ಲ.

ಹೆಂಡತಿ ಏನು ಮಾಡಿದರೂ ಗಂಡನ ಮನೆಗೆ ಹೋಗಲ್ಲ ಎಂದು ಹಟ ಹಿಡಿದರೆ ಅವರ ಕೈಲಿ ಇನ್ನೊಂದು ಉಪಾಯವಿತ್ತು. ಅದಕ್ಕೆ ಅವರೇ ಇಟ್ಟುಕೊಂಡಿದ್ದ ಹೆಸರು ಕರು ಕಟ್ಟುವುದು. ಮಗುವನ್ನು ಗಂಡನ ಮನೆಯಲ್ಲಿ ಬಿಡಿಸುವುದು, ತಾಯಿಯನ್ನು ತವರಲ್ಲೇ ಇರಲಿ ಎನ್ನುವುದು. "ಹದ್ನೈದು ದಿನ ಕಣ್ಲಾ. ಅದರೊಳ್ಗೆ ತಾನೇ ಬತ್ತಳೆ, ನೋಡ್ತಿರು" ಎನ್ನುವರು. ಹೆಚ್ಚು ಕಡಿಮೆ ಎಲ್ಲ ಸಲವೂ ಹಾಗೇ ಆಗುತ್ತಿತ್ತು. ಹೋದವಳು ಹೇಗಿದ್ದಾಳೆ ಎಂದು ಆಮೇಲೆ ವಿಚಾರಿಸುವ ಪದ್ಧತಿ ಇರಲಿಲ್ಲ. ಒಂದು ಸಲ ನಾನು ತಮಾಷೆಗೆ, "ದೊಡ್ಡಮಾವ, ಹಸುವನ್ನೂ ಒಂದು ಮಾತು ಕೇಳಬಾರದಾ?" ಎಂದಿದ್ದೆ. "ನೀನು ಇಸ್ಕೂಲ್ ಮಕ್ಳಿಗೆ ಪಾಟ ಮಾಡೋಗಮ್ಮಿ" ಎಂದು ನಕ್ಕುಬಿಟ್ಟರು. ನಾನೂ ನಕ್ಕಿದ್ದೆ.

ಅವರಿಗೆ ಒಬ್ಬಳೇ ಮಗಳು, ರೂಪಶ್ರೀ. ಅವಳು ಪಿಯುಸಿಯಲ್ಲಿದ್ದಾಗ ತಾಯಿ ತೀರಿಕೊಂಡರು. ಬಿಕಾಂ ಮುಗಿಯುತ್ತಿದ್ದಂತೆ ಗುಂಡ್ಲುಪೇಟೆಯ ಸೋಮಶೇಖರನಿಗೆ ಕೊಟ್ಟು ಮದುವೆ ಮಾಡಿದರು. ಈರುಳ್ಳಿ, ತರಕಾರಿ ಮಂಡಿ ಇಟ್ಟುಕೊಂಡು ಕೇರಳಕ್ಕೆ ಲೋಡ್ ಕಳಿಸುವ ಹುಡುಗ. ಕುಡಿತವಿಲ್ಲ, ಬೀಡಿಯಿಲ್ಲ, ಮಾತು ಕಡಿಮೆ. ಅವನಮ್ಮ ಚಿಕ್ಕಮಲ್ಲಮ್ಮ ಹಿರಿಯ ಮಗನ ಜೊತೆ ಹಳ್ಳಿಯಲ್ಲಿದ್ದುದರಿಂದ ಪೇಟೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಗಳು ತನುಶ್ರೀ ಹುಟ್ಟಿದಳು. ಯಾರ ಬಾಯಲ್ಲೂ ಆ ಸಂಸಾರದ ಮೇಲೆ ಒಂದು ಮಾತಿರಲಿಲ್ಲ.

ತನುವಿಗೆ ಐದು ತುಂಬಿದ ವರ್ಷ, ಒಂದು ಮಧ್ಯಾಹ್ನ, ರೂಪಶ್ರೀ ಮಗುವನ್ನೂ ಒಂದು ಬ್ಯಾಗನ್ನೂ ಹಿಡಿದುಕೊಂಡು ಬಸ್ಸಿಳಿದು ಬಂದಳು. "ನಾನು ವಾಪಸ್ ಹೋಗಲ್ಲ ಅಪ್ಪ" ಎಂದಳು. ಅಷ್ಟೇ ಹೇಳಿದ್ದು.

ನಾಲ್ಕು ದಿನ ಬಿಟ್ಟು ಪಂಚಾಯ್ತಿ ಸೇರಿತು. ಸ್ವಂತ ಮಗಳ ವಿಷಯ, ನೀವು ಕೂರಬೇಡಿ, ಬೇರೆ ಯಾರಾದರೂ ನೋಡಲಿ ಎಂದು ನಮ್ಮ ಮಾವನೇ ಹೇಳಿ ನೋಡಿದರು. ದೊಡ್ಡಮಾವ ಕೇಳಲಿಲ್ಲ. "ನನ್ ಮಗ್ಳು ಅಂದ್ಬುಟ್ಟು ನ್ಯಾಯ ಬದ್ಲಾದದಾ?" ಎಂದು ಗುಡುಗಿದರು. ಮಗಳ ಪರ ವಾಲಿದರು ಅಂತ ಯಾರಾದರೂ ಅಂದುಬಿಟ್ಟರೆ ನಲವತ್ತು ವರ್ಷದ ಹೆಸರು ಹೋಗುತ್ತದೆಂಬ ಭಯ ಅವರಿಗೆ. ಆ ಭಯದಲ್ಲಿ ಅವರು ಮಗಳಿಗೆ ಬೇರೆಯವರ ಮಕ್ಕಳಿಗಿಂತ ಬಿಗಿಯಾದರು.

ಜಗಲಿಯ ಮೇಲೆ ಹದಿನಾಲ್ಕು ಗಂಡಸರು. ಸೋಮಶೇಖರ ತಲೆ ತಗ್ಗಿಸಿ ಕೂತಿದ್ದ. ಕುಡೀತಾನಾ? ಇಲ್ಲ. ಬೇರೆ ಹೆಂಗಸಿನ ಸಂಗ ಉಂಟಾ? ಇಲ್ಲ. ಹೊಡೀತಾನಾ? ಇಲ್ಲ. ಮತ್ತಿನ್ನೇನು ಎಂದು ಗಂಡಿನ ಕಡೆಯ ಸಿದ್ದಮಲ್ಲಪ್ಪ ಕೈ ಚೆಲ್ಲಿದರು. ಕೊನೆಗೆ ರೂಪಶ್ರೀಯನ್ನು ಬಾಗಿಲಿಗೆ ಕರೆದರು. ಅವಳು ತಲೆ ಆಡಿಸಲಿಲ್ಲ. "ಅಪ್ಪ, ಒಂದು ನಿಮಿಷ ಒಳಗೆ ಬಾ. ನಿನ್ನೊಬ್ಬನ ಹತ್ತಿರ ಹೇಳ್ಬೇಕು" ಎಂದಳು.

"ನ್ಯಾಯ ಕೋಣೆ ಒಳ್ಗೆ ನಡಿಯಕಿಲ್ಲ ಕಣವ್ವ. ಏನಿದ್ರೂ ಇಲ್ಲೇ ಯೋಳು, ಎಲ್ರ ಮುಂದೆ."

ಅವಳು ಆ ಹದಿನಾಲ್ಕು ಮುಖಗಳನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಕಾಫಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. "ಎರಡು ನಿಮಿಷ ಹೋಗಿ ಕೇಳಿ ದೊಡ್ಡಮಾವ, ಏನು ಗಂಟು ಹೋಗುತ್ತೆ?" ಅಂತ ನಾನು ಅನ್ನಬಹುದಿತ್ತು. ಶಾಲೆಯಲ್ಲಿ ಹೆಡ್‌ಮಾಸ್ಟರಿಗೇ ಎದುರಾಡುವವಳು ನಾನು. ಅವತ್ತು ಅವಳ ಪಕ್ಕದಿಂದ ಹಾದು ಹೋಗಿ ಎಲ್ಲರಿಗೂ ಕಾಫಿ ಕೊಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಲ್ಲರ ಮಾತನ್ನೂ ಸೇರಿಸಿ ಒಂದು ಕಾಗದ ಬರೆದರು. ಮಗು ತಂದೆಯ ಮನೆಯಲ್ಲಿರತಕ್ಕದ್ದು, ತಾಯಿ ಹದಿನೈದು ದಿನದೊಳಗೆ ಹೋಗಿ ಸೇರತಕ್ಕದ್ದು. ಐದು ಜನರ ರುಜು, ಮೊದಲನೆಯದು ದೊಡ್ಡಮಾವನದು. ಮಾರನೇ ಬೆಳಗ್ಗೆ ಅವರೇ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿ ಗುಂಡ್ಲುಪೇಟೆಯಲ್ಲಿ ಬಿಟ್ಟು ಬಂದರು.

ರೂಪಶ್ರೀ ಹದಿನೈದು ದಿನವೂ ಗೋಡೆಗೆ ಒರಗಿ ಕೂತಿದ್ದಳು. ಹದಿನಾರನೇ ದಿನ ಬ್ಯಾಗ್ ಹಿಡಿದುಕೊಂಡು ಎದ್ದಾಗ ದೊಡ್ಡಮಾವ ಗೆದ್ದೆನೆಂದು ಹಿಗ್ಗಿದರು. ಅವಳು ಹತ್ತಿದ್ದು ಚಾಮರಾಜನಗರದ ಬಸ್ಸು. ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ರೂಮು ಮಾಡಿದಳು. ಮಗುವನ್ನು ನೋಡಲು ಗುಂಡ್ಲುಪೇಟೆಗೆ ಮೂರು ಸಲ ಹೋದಳು. ಸಂಸಾರ ಮಾಡುವುದಾದರೆ ಬಾ, ನೋಡಿಕೊಂಡು ಹೋಗುವುದಕ್ಕೆ ಬರಬೇಡ ಎಂದು ಅಲ್ಲಿನವರು ಬಾಗಿಲಿಂದಲೇ ಕಳಿಸಿದರು. ಅವರ ಕೈಲಿ ಕಾಗದವಿತ್ತು, ಅದರಲ್ಲಿ ಅವಳಪ್ಪನ ರುಜುವೇ ಇತ್ತು. ಅಷ್ಟರಲ್ಲಿ ಚಿಕ್ಕಮಲ್ಲಮ್ಮ ಪೇಟೆಗೆ ಬಂದು ಮೊಮ್ಮಗಳನ್ನು ಸಾಕತೊಡಗಿದ್ದರು. ಎರಡು ವರ್ಷವಾದ ಮೇಲೆ ಡೈವೋರ್ಸ್ ಆಯಿತು. ಮಗು ಯಾರ ಹತ್ತಿರ ಇರಬೇಕೆಂಬ ಮಾತು ಹಾಗೇ ಉಳಿಯಿತು.

ಈ ನಾಲ್ಕು ವರ್ಷದಲ್ಲಿ ದೊಡ್ಡಮಾವ ಇಳಿದುಹೋದರು. ಜಗಲಿಗೆ ಬಂದವರನ್ನು ಇವತ್ತು ಮೈ ಸರಿಯಿಲ್ಲ ಎಂದು ವಾಪಸ್ ಕಳಿಸುವರು. ಮಗಳು ಅವರೊಂದಿಗೆ ಮಾತು ಬಿಟ್ಟಿರಲಿಲ್ಲ, ಅದೇ ಅವರಿಗೆ ಹೆಚ್ಚು ಕಷ್ಟವಾಗಿತ್ತು. ಫೋನ್ ಮಾಡಿದರೆ ಮಾತ್ರೆ ತಗೊಂಡ್ಯಾ, ಊಟ ಆಯ್ತಾ, ಸರಿ, ಇಡ್ತೀನಿ. ಮಗು ವಿಷಯ ಇವರು ಎತ್ತಿದರೆ ಲೈನ್ ಕಟ್ಟಾಗುತ್ತಿತ್ತು. ಒಂದು ದಿನ ನನ್ನೆದುರು ಅತ್ತುಬಿಟ್ಟರು. "ಆ ಮಗಿನ ನಾನೇ ತಂದು ಅವ್ಳ ಮಡ್ಲಿಗೆ ಆಕ್ಬೇಕು ಕಣಮ್ಮಿ. ಅದೊಂದಾದ್ರೆ ಸಾಕು ನಂಗೆ" ಎಂದರು.

ಕಳೆದ ವರ್ಷ ರೂಪಶ್ರೀ ಮಗು ತನಗೆ ಬೇಕೆಂದು ಅರ್ಜಿ ಹಾಕಿದಳು. ನ್ಯಾಯಾಧೀಶರು ಮೊದಲು ಕೂತು ಮಾತಾಡಿ ನೋಡಿ ಎಂದು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ಸುದ್ದಿ ಕೇಳಿ ದೊಡ್ಡಮಾವನಿಗೆ ಎಲ್ಲಿಲ್ಲದ ಉತ್ಸಾಹ. "ನಾನು ನಲ್ವತ್ ವರ್ಸದಿಂದ ಮಾಡ್ತಿರದು ಇದೇ ಅಲ್ವಾ? ನಾನೇ ಓಗಿ ಕೂತ್ಕತೀನಿ, ಒಂದೇ ದಿನ್ಕೆ ಮುಗಿಸ್ಬುಡ್ತೀನಿ" ಎಂದು ಪಂಚೆಗೆ ಇಸ್ತ್ರಿ ಹಾಕಿಸಿಕೊಂಡು ಹೊರಟರು. ರಜೆ ಹಾಕಿ ನಾನೂ ಜೊತೆಗೆ ಹೋದೆ.

ಬಾಗಿಲಲ್ಲೇ ಅಟೆಂಡರ್ ಬೆಟ್ಟಯ್ಯ ತಡೆದ. "ಗಂಡ ಹೆಂಡ್ತಿ ಇಬ್ರೇ ಒಳಿಕ್ಕೆ, ಸ್ವಾಮಿ. ನೀವು ಬೆಂಚ್ ಮೇಲೆ ಕೂತ್ಕಳಿ."

"ನಾನು ಅವ್ಳಪ್ಪ ಕಣಯ್ಯ."

"ಯಾರಪ್ಪ ಆದ್ರೂ ಬೆಂಚೇ."

ಮಧ್ಯಸ್ಥಿಕೆಗೆ ನೇಮಕವಾಗಿದ್ದವರು ಸುಧಾಮಣಿ ಎಂಬ ವಕೀಲರು, ಐವತ್ತರ ಆಸುಪಾಸಿನ ಹೆಂಗಸು. ಇಬ್ಬರನ್ನೂ ಕೂರಿಸಿಕೊಂಡು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಸೋಮಶೇಖರನನ್ನು ಹೊರಗೆ ಕಳಿಸಿ ರೂಪಶ್ರೀಯೊಬ್ಬಳನ್ನೇ ಉಳಿಸಿಕೊಂಡು ಬಾಗಿಲು ಹಾಕಿದರು. ದೊಡ್ಡಮಾವ ಕೆರಳಿದರು. ಬಾಗಿಲು ಹಾಕ್ಕೊಂಡು ಮಾಡೋದು ಎಂಥಾ ನ್ಯಾಯ ಎಂದು ಗೊಣಗಿದರು. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. "ಒಂದ್ ಗಂಟೆ ಏನಮ್ಮಿ ಮಾತಾಡ್ತಳೆ?" ಎಂದು ನನ್ನನ್ನು ಕೇಳಿದರು. ಹೊರಗೆ ಬಂದ ರೂಪಶ್ರೀಯ ಕಣ್ಣು ಊದಿತ್ತು, ಹೆಗಲು ಮಾತ್ರ ಹಗುರಾದಂತೆ ಕಂಡಿತು. ಅವಳ ಬಳಿಕ ಸೋಮಶೇಖರ ಒಳಗೆ ಹೋಗಿ ಮುಕ್ಕಾಲು ಗಂಟೆ ಕೂತ.

ಎರಡನೇ ಸಲ ತನುಶ್ರೀಯನ್ನು ಕರೆಸಿಕೊಂಡು ಸುಧಾಮಣಿ ಅವಳೊಬ್ಬಳ ಜೊತೆಗೇ ಮಾತಾಡಿದರು. ಆವತ್ತು ನಾವಿಬ್ಬರೂ ಹೋಗಿರಲಿಲ್ಲ. ಮೂರನೇ ಸಲ, ಪಂಚಾಯ್ತಿಯ ಕಾಗದಕ್ಕೆ ಮೊದಲ ರುಜು ಹಾಕಿದವರೆಂದು, ಇಬ್ಬರ ಒಪ್ಪಿಗೆ ಪಡೆದು ದೊಡ್ಡಮಾವನನ್ನು ಒಳಗೆ ಕರೆದರು. ಅಲ್ಲಿ ಆಡಿದ್ದನ್ನು ಹೊರಗೆ ಹೇಳುವಂತಿಲ್ಲವಂತೆ. ಆದರೂ ರೂಪಶ್ರೀ ನನ್ನ ಹತ್ತಿರ ಹೇಳಿಕೊಂಡಳು. ಊರು ಹೆಸರು ಬದಲಾಯಿಸಿದರೂ ಗುರುತು ಸಿಕ್ಕುತ್ತದೆ, ಹಾಗೇ ಬರೆ, ಪರವಾಗಿಲ್ಲ ಎಂದವಳೂ ಅವಳೇ.

ಸುಧಾಮಣಿ ಆ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರಂತೆ: "ಯಜಮಾನರೇ, ಇದರಲ್ಲಿ ಎಲ್ಲರ ಮಾತೂ ಇದೆ. ಅವತ್ತು ನಿಮ್ಮ ಮಗಳು ಏನು ಹೇಳಿದ್ದರು?"

ದೊಡ್ಡಮಾವ ಯೋಚಿಸಿದರು. "ಅವ್ಳೇನೂ ಯೋಳ್ನಿಲ್ಲ."

"ಹೇಳಲಿಲ್ಲವೋ, ಕೇಳಲಿಲ್ಲವೋ?"

ಆಗ ರೂಪಶ್ರೀ ತಾನೇ ಹೇಳಿದಳು. ಮನೆಯಲ್ಲಿ ಸಣ್ಣ ಮಾತು ಬಂದರೂ ಸೋಮಶೇಖರ ಹೊರಗಿನಿಂದ ಬೀಗ ಹಾಕಿಕೊಂಡು ಮಂಡಿಗೆ ಹೋಗುತ್ತಿದ್ದ. ಅವಳ ಫೋನನ್ನೂ ತೆಗೆದುಕೊಂಡು ಹೋಗುತ್ತಿದ್ದ. ಕೆಲವು ಸಲ ಸಂಜೆವರೆಗೂ. ಕೊನೆಯ ಸಲ ತನುವಿಗೆ ಜ್ವರ ಏರಿ ಫಿಟ್ಸ್ ಬಂತು. ಇವಳು ಕಿಟಕಿಯ ಸರಳು ಹಿಡಿದು ಬೀದಿಯವರನ್ನು ಕೂಗಿದಳು. ಮಂಡಿಯಿಂದ ಕೀಲಿಕೈ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಮಗು ಉಳಿಯಿತು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಅವಳು ಉಡಿಗಾಲದ ಬಸ್ಸು ಹತ್ತಿದ್ದಳು. "ಹದಿನಾಲ್ಕು ಜನರ ಮುಂದೆ ನನ್ನನ್ನ ದನ ಕೂಡಿದ ಹಾಗೆ ಕೂಡಿ ಹಾಕ್ತಿದ್ದ ಅಂತ ಹೇಳೋಕೆ ಬಾಯಿ ಬರಲಿಲ್ಲ ಮೇಡಂ. ಅಪ್ಪನ ಹತ್ತಿರ ಹೇಳ್ತಿದ್ದೆ" ಎಂದಳು.

ಸುಧಾಮಣಿ ಸೋಮಶೇಖರನ ಕಡೆ ನೋಡಿದರು. ಅವನು ಇಲ್ಲ ಎನ್ನಲಿಲ್ಲ. ಸಿಟ್ಟು ಮಾಡಿಕೊಂಡು ತವರಿಗೆ ಹೊರಟುಬಿಟ್ಟರೆ ಮಾವನ ಜಗಲಿ ಮೇಲೆ ತಲೆ ತಗ್ಗಿಸಿ ಕೂರಬೇಕಾಗುತ್ತದಲ್ಲ ಎಂದು ಹೆದರಿ ಹಾಗೆ ಮಾಡುತ್ತಿದ್ದೆ ಎಂದ. ಮಗುವಿಗೆ ಹಾಗಾದ ದಿನದಿಂದ ಆ ಮನೆಗೆ ಬೀಗ ಹಾಕುವುದನ್ನೇ ಬಿಟ್ಟಿದ್ದೇನೆ, ಅವ್ವ ಬಂದಿರುವುದೂ ಅದಕ್ಕೇ ಎಂದು ಹೇಳುವಾಗ ಅವನೂ ಅತ್ತನಂತೆ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೂ ಆ ಮಾತು ಕೇಳಿದ ಮೇಲೆ ಮೊದಲಿನ ಹಾಗೆ ಬೈಯುವುದಕ್ಕಾಗುತ್ತಿಲ್ಲ.

ಹೊರಗೆ ಬಂದ ದೊಡ್ಡಮಾವನಿಗೆ ಬೆಟ್ಟಯ್ಯ ನೀರು ಕೊಟ್ಟ. ಲೋಟ ಹಿಡಿದುಕೊಂಡೇ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. "ಆ ಮನೆಗೇ ನಾನು ಮಗಿನ ಬುಟ್ಟು ಬಂದೆ ಕಣಮ್ಮಿ" ಎಂದರು.

ಮುಂದಿನ ಸಲ ಮಗುವಿನ ತೀರ್ಮಾನ. ತನುಶ್ರೀಗೆ ಒಂಬತ್ತು ತುಂಬಿತ್ತು. ಅಜ್ಜಿಯನ್ನು ಅವ್ವ ಅನ್ನುತ್ತಾಳೆ, ಅಜ್ಜಿಯ ಪಕ್ಕದಲ್ಲೇ ಮಲಗುತ್ತಾಳೆ. ನಿನಗೆ ಎಲ್ಲಿರಲು ಇಷ್ಟ ಎಂದು ಸುಧಾಮಣಿ ಕೇಳಿದ್ದಕ್ಕೆ ಅವ್ವನ ಹತ್ತಿರ ಎಂದಿದ್ದಳು. ಅವಳು ಹೊರಗೆ ಬಂದಮೇಲೆ ಹೆತ್ತವಳು ಹತ್ತಿರ ಹೋಗಿ ಕೂದಲು ಸವರಿದಾಗ "ನೀವು ಎಲ್ಲಿರೋದು?" ಎಂದು ಮೇಷ್ಟ್ರನ್ನು ಮಾತಾಡಿಸುವ ಹಾಗೆ ಮರ್ಯಾದೆಯಿಂದ ಕೇಳಿದ್ದಳು. ರೂಪಶ್ರೀ ಇದನ್ನು ನನಗೆ ಹೇಳುವಾಗ ನಗಲು ನೋಡಿದಳು, ಆಗಲಿಲ್ಲ.

ಕೋರ್ಟಿನಲ್ಲಿ ಹಟ ಹಿಡಿದರೆ ಮಗು ನಿನಗೆ ಸಿಗಬಹುದು ಎಂದು ಅವಳ ವಕೀಲ ಶಂಕರ್ ಹೇಳಿದ್ದರು. ಇದು ದೊಡ್ಡಮಾವನಿಗೂ ಗೊತ್ತಿತ್ತು. ಅವಳು ಒಳಗೆ ಹೋಗುವ ಮುಂಚೆ ಬೆಂಚಿನಿಂದ ಎದ್ದು ಅವಳ ಕೈ ಹಿಡಿದುಕೊಂಡರು. "ಬುಡಬ್ಯಾಡ ಕಣವ್ವ. ಜಡ್ಜ್ ಮುಂದೆ ನಾನು ನಿಂತ್ಕಂಡು ತಪ್ಪಾಯ್ತು ಅಂತೀನಿ. ನಿನ್ ಮಗ್ಳು ಅದು, ಎತ್ಕಂಡ್ ಬಾ."

"ನನ್ನ ಮಗಳೇ ಅಪ್ಪ. ಅದಕ್ಕೇ ಎತ್ಕೊಂಡು ಬರಲ್ಲ" ಎಂದಳು ರೂಪಶ್ರೀ. "ಒಂದು ಮನೆಯಿಂದ ಎತ್ತಿ ಇನ್ನೊಂದು ಮನೇಲಿ ಇಟ್ಟಿದ್ದು ಒಂದು ಸಲ ಸಾಕು. ಅವಳಿಗೇ ಬರ್ಬೇಕು ಅನ್ನಿಸಿದ ದಿನ ಬರಲಿ."

"ಅನ್ನಿಸ್ದೇ ಓದ್ರೆ?"

ಅವಳು ಕೈ ಬಿಡಿಸಿಕೊಂಡು ಒಳಗೆ ಹೋದಳು. ನಾಲ್ಕು ವರ್ಷದಿಂದ ಕಾಯುತ್ತಿದ್ದ ಹೆಂಗಸು, ತನಗೆ ಸಿಗಬಹುದಾಗಿದ್ದನ್ನು ಅರ್ಧ ಗಂಟೆಯಲ್ಲಿ ತಾನೇ ಬಿಟ್ಟುಕೊಟ್ಟು ಬಂದಳು. ಮಗು ಅಜ್ಜಿಯ ಜೊತೆ ಇರುವುದು. ಪ್ರತಿ ಭಾನುವಾರ ಹತ್ತರಿಂದ ಐದರವರೆಗೆ ತಾಯಿಯ ಜೊತೆ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಅರ್ಧರ್ಧ. ಚಿಕ್ಕಮಲ್ಲಮ್ಮ ಮಗುವನ್ನು ಚಾಮರಾಜನಗರದ ಬಸ್‌ಸ್ಟ್ಯಾಂಡಿಗೆ ಕರೆತಂದು ಒಪ್ಪಿಸುವುದು. ಇಬ್ಬರೂ ರುಜು ಹಾಕಿದರು. ಹಳೆಯ ಕಾಗದ ರದ್ದಾಯಿತು.

ಮೊದಲ ಭಾನುವಾರ ನಾವು ಮೂವರೂ ಒಂಬತ್ತೂವರೆಗೇ ಬಸ್‌ಸ್ಟ್ಯಾಂಡಿನಲ್ಲಿದ್ದೆವು. ದೊಡ್ಡಮಾವ ಬರಲೇಬೇಕೆಂದು ಬಂದಿದ್ದರು, ರೂಪಶ್ರೀಯೂ ಬೇಡ ಎಂದಿರಲಿಲ್ಲ. ಅವಳು ಹಸಿರು ಸೀರೆ ಉಟ್ಟಿದ್ದಳು. ಮಗುವಿಗೆ ಏನು ಇಷ್ಟವೆಂದು ತಿಳಿಯದೆ ಚಿತ್ರಾನ್ನವನ್ನೂ ಶಾವಿಗೆ ಉಪ್ಪಿಟ್ಟನ್ನೂ ಮಾಡಿಟ್ಟು ಬಂದಿದ್ದಳು. ಮೂರು ಸಲ ನನ್ನನ್ನು ಟೈಮ್ ಕೇಳಿದಳು.

ಹತ್ತಕ್ಕೆ ಐದು ನಿಮಿಷವಿರುವಾಗ ಗುಂಡ್ಲುಪೇಟೆಯ ಬಸ್ಸು ಬಂತು. ಚಿಕ್ಕಮಲ್ಲಮ್ಮ ಇಳಿದರು. ತನುಶ್ರೀ ಎರಡನೇ ಮೆಟ್ಟಿಲವರೆಗೆ ಬಂದವಳು ನಮ್ಮನ್ನು ನೋಡಿ ನಿಂತುಬಿಟ್ಟಳು. ಅವಳು ನೋಡುತ್ತಿದ್ದುದು ತಾಯಿಯನ್ನಲ್ಲ, ದೊಡ್ಡಮಾವನನ್ನು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಳಿ ಮಗ" ಎಂದರು ಚಿಕ್ಕಮಲ್ಲಮ್ಮ.

"ನಾನ್ ಬರಲ್ಲ. ತಾತ ಬಂದವ್ರೆ."

"ತಾತ ಬಂದ್ರೆ ಏನಾಯ್ತು?"

"ಅವತ್ತು ತಾತನೇ ಅಲ್ವಾ, ಅಮ್ಮ ಆಮೇಲೆ ಬತ್ತಳೆ ಬಾ ಅಂತ ಕರ್ಕೊಂಡ್ ಬಂದು ಬುಟ್ಟೋಗಿದ್ದು. ಅಮ್ಮ ಬರ್ಲೇ ಇಲ್ಲ."

ರೂಪಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಕಂಡಕ್ಟರ್ ಬೇಗ ಇಳೀರಿ ಎಂದು ಕೂಗಿದ. ಮಗು ಅಳುತ್ತ ಮೆಟ್ಟಿಲು ಹತ್ತಿ ಮತ್ತೆ ಒಳಗೆ ಹೋಗಿಬಿಟ್ಟಿತು. ಮೊದಲ ಭಾನುವಾರವೇ ಹೀಗಾದರೆ ಮುಂದೆ ಯಾವ ಭಾನುವಾರವೂ ಇಲ್ಲ ಎಂದು ನಾನು ಹೆದರಿದೆ. ರೂಪಶ್ರೀ ಅಪ್ಪನ ಕಡೆ ತಿರುಗಿದಳು. ಹೋಗು ಎಂದು ಅವಳು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ದೊಡ್ಡಮಾವ ಆಗಲೇ ಹಿಂದಕ್ಕೆ ಸರಿಯುತ್ತಿದ್ದರು. ಯಾರದೋ ಮೂಟೆ ಎಡವಿ, ಸಾವರಿಸಿಕೊಂಡು, ಹಣ್ಣಿನ ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತರು.

ಚಿಕ್ಕಮಲ್ಲಮ್ಮ ಬಸ್ಸಿನೊಳಗೆ ಹೋಗಿ ಏನೇನೋ ಹೇಳಿದರು. ಮಗು ಕಿಟಕಿಯಿಂದ ಎರಡೂ ಕಡೆ ಬಗ್ಗಿ ನೋಡಿ, ತಾತ ಎಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೆಳಗಿಳಿಯಿತು. ರೂಪಶ್ರೀ ಅವಳನ್ನು ಅಪ್ಪಿಕೊಳ್ಳಲು ಹೋಗಲಿಲ್ಲ, ಚೀಲಕ್ಕೆ ಕೈ ಚಾಚಿದಳು. ತನುಶ್ರೀ ಸ್ವಲ್ಪ ಯೋಚಿಸಿ ಚೀಲ ಕೊಟ್ಟಳು.

ನಾನು ಅಂಗಡಿಯ ಹಿಂದೆ ಹೋದೆ. ದೊಡ್ಡಮಾವ ಇನ್ನೂ ಗೋಡೆ ನೋಡುತ್ತಲೇ ನಿಂತಿದ್ದರು. ತಿರುಗದೆ ಕೇಳಿದರು.

"ಇಳಿದ್ಲಾ?"

"ಇಳಿದ್ಲು ದೊಡ್ಡಮಾವ."

"ಅವ್ಳ ಜೊತೆ ಓದ್ಲಾ?"

"ಹೋಗ್ತಿದಾಳೆ."

"ಹಂಗಾರೆ ನೀನೂ ಓಗು. ಅವ್ರು ಕಣ್ಮರೆಯಾಗೋಗಂಟ ನಾನು ತಿರುಗಕಿಲ್ಲ."